ಹಸಿರು ಜ್ವಾಲೆ

ಪೆನುಕೊಂಡದ ಕೋಟೆಬೆಟ್ಟದ ಬುಡದಲ್ಲಿ, ಹಳೇ ಊರಿನ ಒಂದು ಓಣಿ. ಮೇಷ್ಟ್ರ ಮನೆಯ ಜಗಲಿ ಮೇಲೆ ತಿಳಿನೀಲಿ ಬಣ್ಣದ ಹಳೇ ಫ್ರಿಜ್ಜೊಂದು ನಿಂತಿದೆ. 165 ಲೀಟರಿನದು. ಬಾಗಿಲ ರಬ್ಬರು ಕಪ್ಪಾಗಿ ಬಿರಿದಿದೆ. ಮೇಷ್ಟ್ರು ಮಡಕಶಿರಾ ಸೀಮೆಯ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿ ನಿವೃತ್ತರಾದವರು. ಫ್ರಿಜ್ಜಿನ ಹಿಂದೆ ಕುಕ್ಕರಗಾಲಲ್ಲಿ ಕೂತವನು ಅವರದೇ ಶಿಷ್ಯ, ಈಗ ಊರಿನಲ್ಲಿ ಫ್ರಿಜ್ಜು, ಏಸಿ ರಿಪೇರಿ ಮಾಡುತ್ತಾನೆ. ಇಬ್ಬರ ಮಾತು ಕೇಳುತ್ತಾ ನಾನು ಪಕ್ಕದಲ್ಲಿ ಕೂತಿದ್ದೇನೆ. ಮೇ ತಿಂಗಳು. ಬೆಳಿಗ್ಗೆ ಒಂಬತ್ತಕ್ಕೇ ಬೆಟ್ಟದ ಬಂಡೆ ಕಾಯತೊಡಗಿದೆ. ಗುಜರಿಯವನು 900 ರೂಪಾಯಿ ಹೇಳಿ ಹೋಗಿದ್ದಾನೆ, ಮಧ್ಯಾಹ್ನ ಗಾಡಿ ತರುತ್ತಾನಂತೆ.

ಮೇಷ್ಟ್ರು: ಜೀವ ಇದ್ದರೆ ಯಾರಾದರೂ ಇಲ್ಲದವರಿಗೆ ಕೊಡೋಣ ಅಂತ ನಿನ್ನನ್ನು ಕರೆಸಿದೆ ಕಣಪ್ಪ. ಇಲ್ಲದಿದ್ದರೆ ಗುಜರಿಗೆ.

ಶಿಷ್ಯ: ಜೀವ ಇಲ್ಲ ಸಾರ್. ಕಂಪ್ರೆಸರ್ ಜಾಮ್ ಆಗೈತೆ. ಹೊಸದು ಹಾಕ್ಸಿದ್ರೆ ಫ್ರಿಜ್ಜಿಗಿಂತ ಅದೇ ದುಬಾರಿ. ಆದ್ರೆ ಇದನ್ನ ಹಿಂಗೇ ಗುಜರಿಯವನಿಗೆ ಕೊಡಬೇಡಿ.

ಮೇಷ್ಟ್ರು: ಯಾಕೆ? ಇನ್ನೂ ಜಾಸ್ತಿ ಸಿಗುತ್ತಾ?

ಶಿಷ್ಯ: ದುಡ್ಡಿನ ಮಾತಲ್ಲ. ಇದರೊಳಗೆ ಗ್ಯಾಸ್ ಐತೆ. ಹೋದ ವರ್ಷದವರೆಗೂ ಐಸ್ ಕಟ್ತಿತ್ತು ಅಂದ್ರಲ್ಲ, ಅಂದ್ರೆ ಗ್ಯಾಸ್ ಇನ್ನೂ ಉಳಿದೈತೆ. ಗುಜರಿಯವನಿಗೆ ಬೇಕಾಗಿರೋದು ಕಂಪ್ರೆಸರ್, ಒಳಗೆ ತಾಮ್ರದ ತಂತಿ ಇರ್ತದೆ. ಕಟಿಂಗ್ ಪ್ಲೇಯರ್ ತಗೊಂಡು ಪೈಪನ್ನ ಕಟ್ ಅನ್ನಿಸ್ತಾನೆ. ಬುಸ್ ಅಂತ ಸದ್ದು ಬರ್ತದೆ, ಅರ್ಧ ನಿಮಿಷ. ಆಮೇಲೆ ತಗಡು ಬೇಕು ಅಂತ ಗೋಡೆ ಒಡೀತಾನೆ. ಒಳಗಿನ ಹಳದಿ ಫೋಮ್ ಪುಡಿಪುಡಿ ಆಗ್ತದೆ. ಆ ಫೋಮಿನ ಗುಳ್ಳೆಗಳಲ್ಲೂ ಗ್ಯಾಸೇ ಇರೋದು, ಅದು ಇಲೆವೆನ್ ನಂಬರಿನದು. ಪೈಪಲ್ಲಿರೋದು ಟ್ವೆಲ್. ಇಂಥ ಹಳೇ ಫ್ರಿಜ್ಜಲ್ಲಿ ಪೈಪಿಗಿಂತ ಗೋಡೆಯಲ್ಲೇ ಜಾಸ್ತಿ ಇರ್ತದೆ.

ಮೇಷ್ಟ್ರು: ಸಿಎಫ್‌ಸಿ! ಇದರಲ್ಲಾ? ನಾನು ಇಷ್ಟು ವರ್ಷ ಅದನ್ನೇ ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಅದು ನಮ್ಮ ಅಡುಗೆಮನೆಯಲ್ಲೇ ಇತ್ತು ಅಂತ ಒಂದು ದಿನವೂ ಹೊಳೀಲಿಲ್ಲವಲ್ಲ.

ಶಿಷ್ಯ: 96ರಲ್ಲಿ ತಗೊಂಡ್ರಿ. ಆವಾಗ ಇದ್ದದ್ದೇ ಟ್ವೆಲ್ಲು. ನಮ್ಮ ದೇಶದಲ್ಲಿ ಹೊಸ ಫ್ರಿಜ್ಜಿಗೆ ಅದನ್ನ ಹಾಕಬಾರದು ಅಂತ ಆಗಿದ್ದು 2003ರಿಂದ.

ಮೇಷ್ಟ್ರು: ನಿನಗೆ ಓಝೋನ್ ಪಾಠ ಹೇಳಿದ್ದು ನೆನಪಿದೆಯಾ?

ಶಿಷ್ಯ: ಐತೆ. ಭೂಮಿಗೆ ಕೊಡೆ ಇದ್ದಂಗೆ ಅಂತ ಚಿತ್ರ ಬರೆದಿದ್ರಿ. ಕೊಡೆಗೆ ಒಂದು ತೂತು. ಪರೀಕ್ಷೆಗೆ ಐದು ಮಾರ್ಕಿನ ಪ್ರಶ್ನೆ. ನಾನು ಐದಕ್ಕೆ ಐದು ತಗೊಂಡೆ. ಎರಡು ವರ್ಷ ಆದಮೇಲೆ ಅದೇ ಗ್ಯಾಸನ್ನ ಕೈಯಾರೆ ಗಾಳಿಗೆ ಬಿಡೋಕೆ ಶುರು ಮಾಡಿದೆ. ಪುಸ್ತಕದಲ್ಲಿದ್ದ ಕ್ಲೋರೋಫ್ಲೋರೋಕಾರ್ಬನ್ನೂ ಅಂಗಡೀಲಿದ್ದ ಟ್ವೆಲ್ಲೂ ಒಂದೇ ಅಂತ ನನಗೆ ಯಾರು ಹೇಳಬೇಕಿತ್ತು?

ಮೇಷ್ಟ್ರು: ನಾನು ಹೇಳಬೇಕಿತ್ತು.

ಶಿಷ್ಯ: ನಿಮಗೆ ಹೇಳಿದ್ದಲ್ಲ ಸಾರ್.

ಮೇಷ್ಟ್ರು: ಇರಲಿ, ಮಾತು ನಿಜ. ಮುಂದೆ ಹೇಳು.

ಶಿಷ್ಯ: ಹತ್ತನೇ ಕ್ಲಾಸ್ ಮುಗಿಸಿ ಹಿಂದೂಪುರಕ್ಕೆ ಹೋದೆನಲ್ಲ, ಮೊದಲು ಸೇರಿದ್ದು ಹುಣಸೆಹಣ್ಣು ಇಡೋ ಕೋಲ್ಡ್ ಸ್ಟೋರೇಜಿಗೆ. ಅಲ್ಲಿ ಅಮೋನಿಯ. ಚೂರು ಲೀಕಾದ್ರೂ ಕಣ್ಣು ಉರಿ, ಉಸಿರು ಕಟ್ತದೆ, ಕೂಲಿಯವರೆಲ್ಲ ಹೊರಗೆ ಓಡ್ತಾರೆ. ಲೀಕ್ ನಿಲ್ಲಿಸೋವರೆಗೆ ಯಾರೂ ಕೂರಂಗಿಲ್ಲ. ಆಮೇಲೆ ಫ್ರಿಜ್ಜಿನ ಅಂಗಡಿಗೆ ಬಂದೆ. ಟ್ವೆಲ್ಲಿಗೆ ವಾಸನೆ ಇಲ್ಲ, ಬೆಂಕಿ ಹತ್ತಲ್ಲ, ಮೈಮೇಲೆ ಬಿದ್ರೆ ತಣ್ಣಗೆ ಸುಡ್ತದೆ ಅಷ್ಟೇ. ಇಷ್ಟು ಸಾಧು ಗ್ಯಾಸಿಗೆ ಯಾರು ಹೆದರ್ತಾರೆ? ಪೈಪಲ್ಲಿ ಗಾಳಿ ಸೇರಿದ್ರೆ ಹೊರಗೆ ತಳ್ಳೋಕೆ ಅದೇ ಗ್ಯಾಸ್. ಕಸ ತೊಳೆಯೋಕೂ ಅದೇ ಗ್ಯಾಸ್. ಹಳೇದನ್ನ ಬಿಡೋದು, ಹೊಸದರಲ್ಲಿ ಒಂದಿಷ್ಟು ಬಿಟ್ಟು ತೊಳೆಯೋದು, ಆಮೇಲೆ ತುಂಬೋದು.

ಮೇಷ್ಟ್ರು: ಅದು ಸಾಧುವಾಗಿರಬೇಕು ಅಂತಲೇ ಹುಟ್ಟಿಸಿದ್ದು. ಮೊದಲು ಅಮೆರಿಕದ ಮನೆಗಳಲ್ಲೂ ಅಮೋನಿಯ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ತುಂಬಿದ ಫ್ರಿಜ್ಜುಗಳೇ ಇದ್ದವು. ಲೀಕಾಗಿ ಜನ ಸತ್ತದ್ದುಂಟು. 1928ರಲ್ಲಿ ಥಾಮಸ್ ಮಿಡ್ಜ್‌ಲಿ ಮತ್ತು ಜೊತೆಯವರು ಈ ಜಾತಿಯ ಗ್ಯಾಸನ್ನು ತಯಾರು ಮಾಡಿದರು. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಆತ ಅದನ್ನು ಎದೆತುಂಬ ಎಳೆದುಕೊಂಡು, ಮೇಣದ ಬತ್ತಿಯ ಮೇಲೆ ಊದಿ ದೀಪ ಆರಿಸಿ ತೋರಿಸಿದ. ವಿಷವಲ್ಲ, ಬೆಂಕಿ ಹತ್ತಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಆತ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಯಾವುದರ ಜೊತೆಗೂ ಸೇರದ, ನೀರಿಗೂ ಕರಗದ ವಸ್ತು ಗಾಳಿಗೆ ಹೋದ ಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋ ಪ್ರಶ್ನೆ ಮಾತ್ರ ಸುಮಾರು ನಲವತ್ತು ವರ್ಷ ಯಾರಿಗೂ ಬರಲಿಲ್ಲ.

ಶಿಷ್ಯ: ನನಗೊಂದು ಅನುಮಾನ ಐತೆ, ಮೊದಲಿಂದಾನೂ. ಟ್ವೆಲ್ಲು ಗಾಳಿಗಿಂತ ತೂಕ. ರೂಮಲ್ಲಿ ಬಿಟ್ರೆ ನೆಲದ ಮೇಲೆ ಕೂರ್ತದೆ, ಗುಂಡಿ ಇದ್ರೆ ಗುಂಡಿಗಿಳೀತದೆ. ಅದು ಆಕಾಶಕ್ಕೆ ಹೆಂಗೆ ಹತ್ತೀತು?

ಮೇಷ್ಟ್ರು: ಒಳ್ಳೇ ಪ್ರಶ್ನೆ. ಇದನ್ನೇ ಹಿಡಿದು ಓಝೋನ್ ಕಥೆಯೇ ಸುಳ್ಳು ಅಂದವರಿದ್ದಾರೆ. ನೀನು ಕಲ್ಯಾಣದುರ್ಗ ದಾಟಿ ಕಣೇಕಲ್ಲು, ಬೊಮ್ಮನಹಾಳ್ ಕಡೆಗೆ ಹೋಗಿದ್ದೀಯಲ್ಲ? ವೇದಾವತಿ ಹೊಳೆಯ ಮರಳು ಎದ್ದು ಬಂದು ಹೊಲಗಳನ್ನೇ ಮುಚ್ಚಿದೆ. ಮರಳು ಗಾಳಿಗಿಂತ ಹಗುರವಾ? ಬಚ್ಚಲಿನಂಥ ಮುಚ್ಚಿದ ಜಾಗದಲ್ಲಿ ತೂಕದ ಗ್ಯಾಸು ಕೆಳಗೆ ಕೂರುತ್ತೆ. ಬಯಲಿನಲ್ಲಿ ಗಾಳಿ ಎಲ್ಲವನ್ನೂ ಕಲಸಿಬಿಡುತ್ತೆ. ಬೇರೆ ಹೊಗೆ ಧೂಳನ್ನು ಮಳೆ ತೊಳೆದು ಇಳಿಸುತ್ತೆ. ಇದು ಮಳೆಗೂ ಸಿಗಲ್ಲ. ಕೆಲವು ವರ್ಷ ಸುತ್ತಿ ಸುತ್ತಿ ಮೇಲಿನ ಪದರಕ್ಕೆ, ಹದಿನೈದು ಇಪ್ಪತ್ತು ಮೂವತ್ತು ಕಿಲೋಮೀಟರ್ ಎತ್ತರಕ್ಕೆ ಸೇರುತ್ತೆ. ಅಲ್ಲಿನ ಕಡುಬಿಸಿಲಿಗೆ ಮಾತ್ರ ಅದು ಒಡೆಯೋದು. ಒಡೆದಾಗ ಕ್ಲೋರಿನ್ ಬಿಡುಗಡೆ ಆಗುತ್ತೆ.

ಶಿಷ್ಯ: ಆ ಕ್ಲೋರಿನ್ನನ್ನ ನಾನು ಕಣ್ಣಾರೆ ನೋಡೀನಿ.

ಮೇಷ್ಟ್ರು: ಏನಂದೆ?

ಶಿಷ್ಯ: ನಿಜ ಸಾರ್. ಆವಾಗ ಲೀಕ್ ಹುಡುಕೋಕೆ ಈಗಿನಂಗೆ ಎಲೆಕ್ಟ್ರಾನಿಕ್ ಮೀಟರ್ ಇರಲಿಲ್ಲ. ಒಂದು ಸೋಪಿನ ನೊರೆ, ಇನ್ನೊಂದು ಹ್ಯಾಲೈಡ್ ಟಾರ್ಚು. ಸಣ್ಣ ಗ್ಯಾಸ್ ಡಬ್ಬ, ಮೇಲೆ ಒಂದು ಬರ್ನರ್ರು, ಬರ್ನರಿನೊಳಗೆ ತಾಮ್ರದ ಬಿಲ್ಲೆ. ಪಕ್ಕಕ್ಕೆ ಒಂದು ರಬ್ಬರ್ ಟ್ಯೂಬು, ಉರಿಗೆ ಬೇಕಾದ ಗಾಳಿಯನ್ನ ಅದರಿಂದಲೇ ಎಳ್ಕೊಳ್ತದೆ. ಬೆಂಕಿ ಹಚ್ಚಿ ಬಿಲ್ಲೆ ಕೆಂಪಗೆ ಕಾಯೋವರೆಗೂ ಬಿಡಬೇಕು. ಜ್ವಾಲೆ ತಿಳಿನೀಲಿ ಇರ್ತದೆ. ಟ್ಯೂಬಿನ ತುದಿ ಹಿಡ್ಕೊಂಡು ಒಂದೊಂದು ಜಾಯಿಂಟಿನ ಹತ್ರ ಮೆಲ್ಲಗೆ ತರಬೇಕು. ಲೀಕ್ ಇದ್ದ ಕಡೆ ಬಂದ್ರೆ ಜ್ವಾಲೆ ಹಸಿರಾಗ್ತದೆ. ಜಾಸ್ತಿ ಲೀಕಾದ್ರೆ ಕಡು ಹಸಿರು. ನಮ್ಮ ಗುರು ಅಂಗಡಿಯ ಬಾಗಿಲು ಹಾಕಿ ಕತ್ತಲೆ ಮಾಡಿಸೋರು, ಬಣ್ಣ ಚೆನ್ನಾಗಿ ಕಾಣ್ಲಿ ಅಂತ. ಕತ್ತಲಲ್ಲಿ ಆ ಹಸಿರು ಬೆಂಕಿ ಎಷ್ಟು ಚೆಂದ ಇರ್ತಿತ್ತು! ಎಷ್ಟೋ ವರ್ಷ ಆದಮೇಲೆ ಟ್ರೈನಿಂಗಲ್ಲಿ ಹೇಳಿದ್ರು: ಆ ಬೆಂಕಿಯಲ್ಲಿ ಗ್ಯಾಸ್ ಒಡೆದು ಕ್ಲೋರಿನ್ ಬಿಡ್ತದೆ, ಅದು ತಾಮ್ರದ ಜೊತೆ ಸೇರಿದ್ದಕ್ಕೆ ಹಸಿರು, ಅದರ ಜೊತೆ ಚೂರು ವಿಷಗ್ಯಾಸೂ ಹುಟ್ತಿತ್ತು ಅಂತ. ನಾವು ಬಾಗಿಲು ಹಾಕ್ಕೊಂಡು ಅದನ್ನೇ ಉಸಿರಾಡಿದ್ವಿ.

ಮೇಷ್ಟ್ರು: ಮೇಲೆ ನಡೆಯೋದೂ ಅದೇ ಕಣೋ. ನಿನ್ನ ಟಾರ್ಚಿನಲ್ಲಿ ಬೆಂಕಿ ಒಡೀತು, ಅಲ್ಲಿ ಸೂರ್ಯನ ಅತಿನೇರಳೆ ಕಿರಣ ಒಡೆಯುತ್ತೆ. ನಾನು ಮೂವತ್ತು ವರ್ಷ ಸೀಮೆಸುಣ್ಣದಲ್ಲಿ ಬರೆದು ತೋರಿಸಲಾಗದ್ದನ್ನು ನೀನು ಒಂದು ಟ್ಯೂಬಿನ ತುದಿಯಲ್ಲಿ ನೋಡಿದೆ. ಅಲ್ಲಿ ತಾಮ್ರದ ಬದಲು ಓಝೋನ್. ಒಂದು ಕ್ಲೋರಿನ್ ಪರಮಾಣು ಓಝೋನಿನಿಂದ ಒಂದು ಆಮ್ಲಜನಕ ಕಿತ್ತುಕೊಳ್ಳುತ್ತೆ, ಅದನ್ನು ಇನ್ನೊಂದಕ್ಕೆ ಕೊಟ್ಟು ತಾನು ಮತ್ತೆ ಖಾಲಿಯಾಗಿ ನಿಲ್ಲುತ್ತೆ, ಮತ್ತೆ ಮುಂದಿನದಕ್ಕೆ ಕೈ ಹಾಕುತ್ತೆ. ಹೀಗೆ ಒಂದೇ ಪರಮಾಣು ಲಕ್ಷದಷ್ಟು ಓಝೋನ್ ಅಣುಗಳನ್ನು ಮುಗಿಸಬಲ್ಲದು. ಇರೋ ಓಝೋನಾದರೂ ಎಷ್ಟು? ಮೇಲಿಂದ ಕೆಳಗಿನವರೆಗೆ ಇರೋದನ್ನೆಲ್ಲ ಒಟ್ಟುಮಾಡಿ ನೆಲದ ಮೇಲೆ ಹರಡಿದರೆ 3 ಮಿಲಿಮೀಟರ್. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ನಮ್ಮ ದಕ್ಷಿಣದ ನೆತ್ತಿಯ ಮೇಲೆ ಅಷ್ಟೂ ಇಲ್ಲ.

ಶಿಷ್ಯ: ಅಷ್ಟೇನಾ?

ಮೇಷ್ಟ್ರು: ಅಷ್ಟೇ. ಅದಿಲ್ಲದಿದ್ದರೆ ಕಣ್ಣಿನ ಪೊರೆ, ಚರ್ಮದ ಕ್ಯಾನ್ಸರ್, ಬೆಳೆ ಕುಗ್ಗೋದು, ಸಮುದ್ರದಲ್ಲಿ ಮೀನಿಗೆ ಮೇವಾದ ಸೂಕ್ಷ್ಮ ಸಸ್ಯಗಳು ಸಾಯೋದು. 1974ರಲ್ಲಿ ಮಾರಿಯೋ ಮೊಲಿನಾ, ಶೆರ್ವುಡ್ ರೋಲ್ಯಾಂಡ್ ಇಬ್ಬರು ಲೆಕ್ಕಹಾಕಿ ಎಚ್ಚರಿಸಿದರು. 1985ರಲ್ಲಿ ಬ್ರಿಟನ್ನಿನ ಜೋ ಫಾರ್ಮನ್ ಮತ್ತು ಸಂಗಡಿಗರು ಅಂಟಾರ್ಕ್ಟಿಕದಲ್ಲಿ ನೆಲದ ಮೇಲಿಂದಲೇ ಅಳೆದು, ಪ್ರತಿ ವಸಂತದಲ್ಲೂ ಅಲ್ಲಿ ಓಝೋನ್ ಕುಸಿದುಹೋಗುತ್ತಿದೆ ಅಂತ ತೋರಿಸಿದರು.

ಶಿಷ್ಯ: ಗ್ಯಾಸ್ ಬಿಟ್ಟವನು ಹಿಂದೂಪುರದಲ್ಲಿ, ತೂತಾಗೋದು ಅಂಟಾರ್ಕ್ಟಿಕದಲ್ಲಿ.

ಮೇಷ್ಟ್ರು: ಅಲ್ಲಿ ಚಳಿಗಾಲದ ಕತ್ತಲಲ್ಲಿ ಮೇಲಿನ ಗಾಳಿ ಮೈನಸ್ 78 ಡಿಗ್ರಿಗೂ ಕೆಳಗಿಳಿದು ವಿಚಿತ್ರ ಮೋಡಗಳು ಕಟ್ಟುತ್ತವೆ. ಸುಮ್ಮನೆ ಕೂತಿದ್ದ ಕ್ಲೋರಿನ್ ಸಂಯುಕ್ತಗಳು ಆ ಮೋಡದ ಹರಳುಗಳ ಮೇಲೆ ಸಜ್ಜಾಗಿ ಕಾಯುತ್ತವೆ. ಸೆಪ್ಟೆಂಬರಿನಲ್ಲಿ ಬಿಸಿಲು ಬಂದ ಕೂಡಲೇ ದಾಳಿ. ಅಲ್ಲಿರೋ ನಮ್ಮ ಮೈತ್ರಿ ಕೇಂದ್ರದಿಂದಲೂ ಹವಾಮಾನ ಇಲಾಖೆಯವರು ಬಲೂನು ಬಿಟ್ಟು ಅಳೆದಿದ್ದಾರೆ. ಆ ಬಲೂನಿಗೆ ಕಟ್ಟೋ ಓಝೋನ್‌ಸೋಂಡ್ ಅನ್ನೋ ಯಂತ್ರವನ್ನು ನಮ್ಮಲ್ಲೇ ಮಾಡಿಸಿದ ಹೆಣ್ಣುಮಗಳ ಹೆಸರು ಕೇಳಿದ್ದೀಯಾ? ಅನ್ನಾ ಮಣಿ.

ಶಿಷ್ಯ: ಇಲ್ಲ ಸಾರ್.

ಮೇಷ್ಟ್ರು: ಪಾಠದಲ್ಲಿ ಇರಲಿಲ್ಲ, ನಾನೂ ಹೇಳಲಿಲ್ಲ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿ, ಬೆಂಗಳೂರಿಗೆ ಬಂದು ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರದ ಬೆಳಕಿನ ಮೇಲೆ ಕೆಲಸ ಮಾಡಿದವರು. ಆಮೇಲೆ ಹವಾಮಾನ ಇಲಾಖೆ ಸೇರಿ, ಹೊರಗಿಂದ ತರಿಸುತ್ತಿದ್ದ ಉಪಕರಣಗಳನ್ನೆಲ್ಲ ಇಲ್ಲೇ ಮಾಡಿಸಿದರು. ಓಝೋನ್ ಅಳೆಯೋ ಯಂತ್ರವನ್ನು ಸ್ವಂತವಾಗಿ ಮಾಡಿಕೊಂಡ ದೇಶಗಳು ಆಗ ಬೆರಳೆಣಿಕೆ. ನಿವೃತ್ತಿಯ ಮೇಲೆ ಮತ್ತೆ ಬೆಂಗಳೂರಿಗೆ ಬಂದು ದೇಶದ ಯಾವ ಗುಡ್ಡದಲ್ಲಿ ಎಷ್ಟು ಗಾಳಿ ಬೀಸುತ್ತೆ ಅಂತ ನೂರಾರು ಕಡೆ ಅಳೆಸಿ ಪುಸ್ತಕ ಮಾಡಿದರು. ರಾಮಗಿರಿ ಗುಡ್ಡದ ಮೇಲೆ ತಿರುಗುತ್ತಾವಲ್ಲ ಗಾಳಿಯಂತ್ರಗಳು, ಅವನ್ನು ನೋಡಿದಾಗಲೆಲ್ಲ ನನಗೆ ಆಕೆಯ ನೆನಪು. ಮೊದಲು ಅಳೆದು ನೋಡು, ಆಮೇಲೆ ಮಾತಾಡು ಅನ್ನೋ ಜಾತಿಯವರು.

ಶಿಷ್ಯ: ಹಂಗಾದ್ರೆ ನಾನೂ ಒಂದು ಲೆಕ್ಕ ಹೇಳಬೇಕು. ಇದನ್ನ ಯಾರ ಹತ್ರಾನೂ ಹೇಳಿಲ್ಲ. ಹತ್ತು ವರ್ಷ ಟ್ವೆಲ್ ಗ್ಯಾಸಲ್ಲಿ ಕೆಲಸ ಮಾಡೀನಿ. ವಾರಕ್ಕೆ ಐದು ಫ್ರಿಜ್ಜು ಅಂತ ಇಟ್ಕೊಳ್ಳಿ. ಒಂದೊಂದರಲ್ಲಿ ನೂರು ಗ್ರಾಂ ಹಳೇದು ಬಿಟ್ವಿ, ತೊಳೆಯೋಕೆ ಇನ್ನೊಂದು ನೂರು. ಎಷ್ಟಾಯ್ತು?

ಮೇಷ್ಟ್ರು: ವಾರಕ್ಕೆ ಒಂದು ಕಿಲೋ. ವರ್ಷಕ್ಕೆ ಐವತ್ತು. ಹತ್ತು ವರ್ಷಕ್ಕೆ ಅರ್ಧ ಟನ್ನು.

ಶಿಷ್ಯ: ಅರ್ಧ ಟನ್ನು. ಒಬ್ಬನ ಕೈಯಿಂದ. ಅಂಥ ಅಂಗಡಿ ಹಿಂದೂಪುರದಲ್ಲಿ ಎಷ್ಟಿದ್ವು, ದೇಶದಲ್ಲಿ ಎಷ್ಟಿದ್ವು? ಅದು ಇನ್ನೂ ಮೇಲೇ ಇರ್ತದಾ?

ಮೇಷ್ಟ್ರು: ಬಹುಪಾಲು ಇದೆ. ಟ್ವೆಲ್ಲಿನ ಆಯಸ್ಸು ಗಾಳಿಯಲ್ಲಿ ಸುಮಾರು ನೂರು ವರ್ಷ. ಫೋಮಿನಲ್ಲಿರೋ ಇಲೆವೆನ್ನಿಗೆ ಐವತ್ತರ ಹತ್ತಿರ.

(ಇಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೇಳುತ್ತಾ ಕೂತಿದ್ದ ನನಗೂ ಏನು ಹೇಳಬೇಕೋ ತೋಚಲಿಲ್ಲ. ತಪ್ಪನ್ನು ಗ್ರಾಮಿನ ಲೆಕ್ಕದಲ್ಲಿ ಒಪ್ಪಿಕೊಳ್ಳುವವರನ್ನು ನಾನು ಹೆಚ್ಚು ಕಂಡಿಲ್ಲ.)

ಮೇಷ್ಟ್ರು: ನನ್ನದೂ ಒಂದು ಇದೆ, ಕೇಳು. ಅನಂತಪುರ ಸೀಮೆ ಅಂದರೆ ಜೈಸಲ್ಮೇರ್ ಬಿಟ್ಟರೆ ದೇಶದಲ್ಲೇ ಕಡಿಮೆ ಮಳೆಯ ಜಾಗ ಅಂತ ಹೆಸರು. ಕಡಲೆಕಾಯಿ ಬಾಡಿದಾಗೆಲ್ಲ ಮಕ್ಕಳು ಕೇಳೋರು, ಬಿಸಿಲು ಯಾಕೆ ಜಾಸ್ತಿ ಆಯ್ತು ಅಂತ. ಓಝೋನ್ ತೂತಾಗಿದೆ, ಅದರಿಂದ ಬಿಸಿಲು ನುಗ್ಗುತ್ತಿದೆ ಅಂತ ಹೇಳುತ್ತಿದ್ದೆ. ಅದು ತಪ್ಪು. ತೂತಿನಿಂದ ಬರೋದು ಅತಿನೇರಳೆ ಕಿರಣ, ಅದು ಚರ್ಮಕ್ಕೆ ಕಣ್ಣಿಗೆ ಕೆಡುಕು, ಸೆಕೆ ತರೋದಲ್ಲ. ನಮ್ಮ ತಲೆ ಮೇಲಿನ ಓಝೋನ್ ಧ್ರುವದ ಹಾಗೆ ಕುಸಿದೂ ಇಲ್ಲ. ಸೆಕೆ ಏರ್ತಿರೋದು ಭೂಮಿಗೆ ಹೊದಿಕೆ ದಪ್ಪ ಆಗ್ತಿರೋದ್ರಿಂದ. ಕಲ್ಲಿದ್ದಲು, ಪೆಟ್ರೋಲಿನ ಹೊಗೆ, ಅದರ ಜೊತೆ ನಿನ್ನ ಈ ಗ್ಯಾಸುಗಳು. ತೂತು ಬೇರೆ, ಹೊದಿಕೆ ಬೇರೆ. ಎರಡನ್ನೂ ಕಲಸಿ ನೂರಾರು ಮಕ್ಕಳ ತಲೆಗೆ ತುಂಬಿದ್ದೇನೆ.

ಶಿಷ್ಯ: ನನ್ನ ತಲೆಯಲ್ಲೂ ಹಂಗೇ ಐತೆ. ಅಂದ್ರೆ ಟ್ವೆಲ್ಲು ಎರಡೂ ಮಾಡ್ತದೆ?

ಮೇಷ್ಟ್ರು: ಎರಡೂ. ಅದನ್ನು ಮೊದಲು ಲೆಕ್ಕ ಹಾಕಿದವರು ನಿನ್ನ ಕಸುಬಿನವರೇ. ವೀರಭದ್ರನ್ ರಾಮನಾಥನ್ ಅಂತ, ತಮಿಳುನಾಡಿನವರು, ಓದಿದ್ದು ಬೆಂಗಳೂರಿನಲ್ಲಿ, ಅಣ್ಣಾಮಲೈಯಲ್ಲಿ. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಒಂದು ಫ್ರಿಜ್ ಕಂಪನಿಗೆ ಸೇರಿದರು. ಅಲ್ಲಿ ಅವರ ಕೆಲಸ ಏನು ಗೊತ್ತಾ? ಗ್ಯಾಸ್ ಯಾಕೆ ಇಷ್ಟು ಬೇಗ ಲೀಕಾಗ್ತಿದೆ ಅಂತ ಹುಡುಕೋದು.

ಶಿಷ್ಯ: ನಮ್ಮ ಕೆಲಸ!

ಮೇಷ್ಟ್ರು: ನಿಮ್ಮದೇ. ಅದು ಬೇಸರವಾಗಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು, ಅಲ್ಲಿಂದ ಅಮೆರಿಕಕ್ಕೆ. 1974ರ ಓಝೋನ್ ಎಚ್ಚರಿಕೆ ಓದಿದಾಗ ಹಳೇ ಗ್ಯಾಸಿನ ನೆನಪಾಗಿ, ಇದು ಶಾಖವನ್ನೂ ಹಿಡಿದಿಡುತ್ತಾ ಅಂತ ಲೆಕ್ಕ ಹಾಕಿದರು. 1975ರಲ್ಲಿ ಪ್ರಕಟವಾಯಿತು: ಇದರ ಒಂದು ಅಣು, ಇಂಗಾಲದ ಡೈಆಕ್ಸೈಡಿನ ಸುಮಾರು ಹತ್ತು ಸಾವಿರ ಅಣುಗಳಷ್ಟು ಶಾಖ ಹಿಡಿಯುತ್ತೆ. ಈ ಫ್ರಿಜ್ಜಿನಲ್ಲಿ ನೂರು ಗ್ರಾಂ ಅಂದೆಯಲ್ಲ, ಅದನ್ನು ಬಿಟ್ಟರೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟ ಲೆಕ್ಕ. ನಾನೂರು ಲೀಟರಿಗೂ ಮೇಲೆ ಪೆಟ್ರೋಲ್ ಸುಟ್ಟಂತೆ. ನಿನ್ನ ಸ್ಕೂಟರಿನಲ್ಲಿ ಇಲ್ಲಿಂದ ಬೆಂಗಳೂರಿಗೆ ಅರವತ್ತು ಎಪ್ಪತ್ತು ಸಲ ಹೋಗಿ ಬಂದ ಹಾಗೆ.

ಶಿಷ್ಯ: ಅರ್ಧ ನಿಮಿಷದ ಬುಸ್ಸಿಗೆ!

ಮೇಷ್ಟ್ರು: ಹೌದು. ಇನ್ನೊಂದು ಗೋಜಲು ಇದೆ, ಬೇಗ ಹೇಳಿ ಮುಗಿಸುತ್ತೇನೆ. ಮೇಲಿದ್ದರೆ ಕಾಯೋ ಓಝೋನ್ ನೆಲಮಟ್ಟದಲ್ಲಿ ಹುಟ್ಟಿದರೆ ವಿಷ. ಹೈವೇಯಲ್ಲಿ ಹೋಗೋ ಲಾರಿಗಳ ಹೊಗೆಗೆ ನಮ್ಮೂರಿನ ಬಿಸಿಲು ತಾಗಿದರೆ ಸಾಕು, ಓಝೋನ್ ಕಟ್ಟುತ್ತೆ, ಎದೆಗೂ ಬೆಳೆಗೂ ಕೇಡು. ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದವರು ಅದನ್ನು ಅಳೆದಿದ್ದಾರೆ. ಇಲ್ಲಿ ಹುಟ್ಟಿದ್ದು ಮೇಲೆ ಹೋಗಿ ತೂತು ಮುಚ್ಚಲ್ಲ.

ಶಿಷ್ಯ: ಆ ತೂತು ಈಗ ಮುಚ್ತಾ ಐತೆ ಅಂತಾರಲ್ಲ?

ಮೇಷ್ಟ್ರು: ಮುಚ್ಚುತ್ತಿದೆ. ಅಂಟಾರ್ಕ್ಟಿಕದ ಮೇಲೆ 1980ರ ಮಟ್ಟಕ್ಕೆ ಬರೋದು 2066ರ ಸುಮಾರಿಗೆ, ನಮ್ಮ ಕಡೆಯೆಲ್ಲ 2040ರ ಸುಮಾರಿಗೆ ಅಂತ ವಿಜ್ಞಾನಿಗಳ ಅಂದಾಜು. ನಿನ್ನ ಮಗಳಿಗೆ ಈಗ ಹತ್ತು ವರ್ಷ, 2066ಕ್ಕೆ ಐವತ್ತು ದಾಟಿರುತ್ತೆ. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ಲಿನಲ್ಲಿ ಒಪ್ಪಂದ ಆಯಿತು. ನಾವು ಕೂಡಲೇ ಸೇರಲಿಲ್ಲ. ಗಾಳಿಗೆ ಬಿಟ್ಟವರು ಶ್ರೀಮಂತ ದೇಶದವರು, ಬದಲಿ ಗ್ಯಾಸಿನ ಖರ್ಚು ಬಡವರ ತಲೆಗೆ ಯಾಕೆ ಅಂತ ನಮ್ಮ ವಾದ. 1990ರಲ್ಲಿ ಲಂಡನ್ನಿನ ಸಭೆಯಲ್ಲಿ ಪರಿಸರ ಸಚಿವೆಯಾಗಿದ್ದ ಮೇನಕಾ ಗಾಂಧಿ ಅದನ್ನೇ ಗಟ್ಟಿಯಾಗಿ ಹೇಳಿದರು. ಆ ಖರ್ಚಿಗೆ ನಿಧಿ ಸ್ಥಾಪನೆ ಆಯಿತು, 1992ರಲ್ಲಿ ನಾವು ಸೇರಿದೆವು. ಆ ವಾದ ನ್ಯಾಯದ್ದು ಅಂತ ನನಗೆ ಇವತ್ತೂ ಅನ್ನಿಸುತ್ತೆ. 2008ರ ಆಗಸ್ಟಿನಲ್ಲಿ, ಗಡುವಿಗಿಂತ ಮೊದಲೇ, ನಮ್ಮ ಕಾರ್ಖಾನೆಗಳು ಸಿಎಫ್‌ಸಿ ತಯಾರಿಸೋದು ನಿಲ್ಲಿಸಿದವು. ಉಬ್ಬಸದವರ ಇನ್‌ಹೇಲರಿಗೆ ಮಾತ್ರ ಕೆಲಕಾಲ ಬಿಟ್ಟರು.

ಶಿಷ್ಯ: ನಮಗೆ ಗೊತ್ತಾಗಿದ್ದು ಸಿಲಿಂಡರ್ ಬೆಲೆಯಿಂದ. ಏರ್ತಾ ಏರ್ತಾ ಕೈಗೆ ಸಿಗದಂಗಾಯ್ತು. ಹೊಸ ಫ್ರಿಜ್ಜಿಗೆಲ್ಲ ಒನ್ ಥರ್ಟಿಫೋರ್ ಬಂತು. ಟಾರ್ಚು ಹಿಡಿದ್ರೆ ಜ್ವಾಲೆ ಹಸಿರೇ ಆಗಲ್ಲ! ಟಾರ್ಚ್ ಕೆಟ್ಟೈತೆ ಅಂದ್ಕೊಂಡು ನಾನು ಬಿಚ್ಚಿ ತೊಳೆದೆ. ಆಮೇಲೆ ತಿಳೀತು, ಆ ಗ್ಯಾಸಲ್ಲಿ ಕ್ಲೋರಿನ್ನೇ ಇಲ್ಲ ಅಂತ. ಅವತ್ತಿಂದ ಟಾರ್ಚು ಅಟ್ಟಕ್ಕೆ ಹೋಯ್ತು. ಆ ದಿನಗ್ಳಲ್ಲೇ ಎರಡು ದಿನದ ಟ್ರೈನಿಂಗ್ ಕೊಟ್ರು. ಮೊದಲು ಲೀಕ್ ಹುಡುಕಿ, ನೈಟ್ರೋಜನ್ ತುಂಬಿ ಒತ್ತಡ ಹಿಡೀತದಾ ನೋಡಿ, ವ್ಯಾಕ್ಯೂಮ್ ಪಂಪ್ ಹಾಕಿ ಗಾಳಿ ತೇವ ಎಲ್ಲ ಎಳೀರಿ, ತೂಕ ಮಾಡಿ ಗ್ಯಾಸ್ ಹಾಕಿ ಅಂತ. ಅಲ್ಲಿವರೆಗೂ ನಾವು ಪೈಪಿನ ಮೇಲೆ ಬೆವರು ಬಂತಾ ಅಂತ ಕೈಯಲ್ಲಿ ಮುಟ್ಟಿ ನೋಡಿ ನಿಲ್ಲಿಸ್ತಿದ್ವಿ.

ಮೇಷ್ಟ್ರು: ಈಗ ಹಾಗಾದರೆ ತೊಂದರೆ ಇಲ್ಲ?

ಶಿಷ್ಯ: ಐತೆ ಸಾರ್. ಅದನ್ನೇ ಹೇಳೋಕೆ ಬಂದೆ. ಹಳೇ ಏಸಿಗಳಲ್ಲಿ ಇನ್ನೂ ಟ್ವೆಂಟಿಟೂ ಐತೆ. ಅದರಲ್ಲಿ ಕ್ಲೋರಿನ್ ಕಡಿಮೆ, ಆದ್ರೆ ಐತೆ. ಕಾರಿನ ಏಸಿಯಲ್ಲಿ ಒನ್ ಥರ್ಟಿಫೋರ್, ಹೊಸ ಏಸಿಯಲ್ಲಿ ಥರ್ಟಿಟೂ. ಇವೆರಡೂ ಓಝೋನಿಗೆ ಏನೂ ಮಾಡಲ್ಲ, ಆದ್ರೆ ನೀವು ಹೇಳಿದ ಹೊದಿಕೆಗೆ ಸೇರ್ತವೆ.

ಮೇಷ್ಟ್ರು: ಒನ್ ಥರ್ಟಿಫೋರ್ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ಮುನ್ನೂರು, ನಾನೂರು ಪಟ್ಟು. ಥರ್ಟಿಟೂ ಅದರ ಅರ್ಧದಷ್ಟು. ಅದಕ್ಕೇ 2016ರಲ್ಲಿ ಕಿಗಾಲಿಯಲ್ಲಿ ಮತ್ತೆ ಕೂತು ಇವನ್ನೂ ಇಳಿಸೋಣ ಅಂತ ಒಪ್ಪಿದರು. ನಾವು 2032ರಿಂದ ಇಳಿಸುತ್ತಾ 2047ಕ್ಕೆ 85 ಪರ್ಸೆಂಟ್ ಕಡಿಮೆ ಮಾಡಬೇಕು.

ಶಿಷ್ಯ: 2047ರ ತನಕ ಈ ಊರಲ್ಲಿ ಎಷ್ಟು ಏಸಿ ಬರ್ತವೆ ಗೊತ್ತಾ? ಪಕ್ಕದ ಎರ್ರಮಂಚಿಯಲ್ಲಿ ಕಾರ್ ಫ್ಯಾಕ್ಟರಿ ಬಂದು, 2019ರಿಂದ ಕಾರು ಹೊರಗೆ ಬರೋಕೆ ಶುರುವಾದ್ಮೇಲೆ ಬಾಡಿಗೆ ಮನೆಗಳು ಎದ್ವು, ಲಾಡ್ಜುಗಳು ಎದ್ವು, ಎಲ್ಲದಕ್ಕೂ ಏಸಿ. ಏಸಿ ಬೇಡ ಅನ್ನೋಕೆ ನಾನ್ಯಾರು? ಹೋದ ವಾರ ಒಂದು ಮನೆಗೆ ಹೋಗಿದ್ದೆ, ಬಾಣಂತಿ, ಹಸುಗೂಸು, ತಗಡಿನ ಮನೆ. ಸಾಲ ಮಾಡಿ ಏಸಿ ಹಾಕ್ಸಿದ್ರು. ಬೇಕಲ್ಲ ಸಾರ್. ನನ್ನ ಕಷ್ಟ ಬೇರೆ. ಗ್ಯಾಸ್ ಖಾಲಿ ಆಗೈತೆ ಅಂತ ಕರೀತಾರೆ. ಗ್ಯಾಸ್ ಖಾಲಿ ಆಗೋ ವಸ್ತು ಅಲ್ಲ. ಎಣ್ಣೆ ದೀಪದ ಎಣ್ಣೆ ಅಲ್ಲ ಅದು ಉರಿದು ಹೋಗೋಕೆ. ಪೈಪಿನೊಳಗೆ ಸುತ್ತುತಾ ಇರ್ತದೆ. ಕಡಿಮೆ ಆಯ್ತು ಅಂದ್ರೆ ಎಲ್ಲೋ ಲೀಕ್ ಐತೆ. ಲೀಕ್ ಹುಡುಕೋಕೆ ಅರ್ಧ ದಿನ ಬೇಕು, ಅದಕ್ಕೆ ಕೂಲಿ ಕೇಳಿದ್ರೆ ಕೊಡಲ್ಲ. ಸುಮ್ನೆ ಗ್ಯಾಸ್ ಹಾಕಿ ಹೋಗಪ್ಪ, ಈ ಬೇಸಿಗೆ ಕಳೆದ್ರೆ ಸಾಕು ಅಂತಾರೆ. ನಾನು ಆಗಲ್ಲ ಅಂದ್ರೆ ಇನ್ನೊಬ್ಬ ಬಂದು ಹಾಕಿ ಹೋಗ್ತಾನೆ. ಮುಂದಿನ ಮೇ ತಿಂಗಳಲ್ಲಿ ಮತ್ತೆ ಖಾಲಿ. ಆ ಗ್ಯಾಸೆಲ್ಲ ಎಲ್ಲಿ ಹೋಯ್ತು ಅಂತ ಕೇಳೋರಿಲ್ಲ.

ಮೇಷ್ಟ್ರು: ನೀನು ಏನು ಮಾಡ್ತೀಯ?

ಶಿಷ್ಯ: ಕರೆದು ತೋರಿಸ್ತೀನಿ. ಸೋಪಿನ ನೊರೆ ಮಾಡಿ ಫ್ಲೇರ್ ನಟ್ಟಿನ ಮೇಲೆ ಬ್ರಷ್ಷಲ್ಲಿ ಹಚ್ಚಿ, ಮನೆಯವರನ್ನ ಪಕ್ಕದಲ್ಲಿ ನಿಲ್ಲಿಸ್ತೀನಿ. ಒಂದು ನಿಮಿಷ ಏನೂ ಇರಲ್ಲ. ಆಮೇಲೆ ಸಾಸಿವೆಯಷ್ಟು ಗುಳ್ಳೆ, ಅದರ ಪಕ್ಕ ಇನ್ನೊಂದು, ನೋಡ್ತಾ ನೋಡ್ತಾ ಕಡಲೆಕಾಳಿನಷ್ಟು ಊದ್ತದೆ. ಕಣ್ಣಾರೆ ನೋಡಿದೋರು ಕೂಲಿ ಕೊಡ್ತಾರೆ. ಮಾತಲ್ಲಿ ಹೇಳಿದ್ರೆ ಕೊಡಲ್ಲ.

ಮೇಷ್ಟ್ರು: ನಾನು ಮಾಡಬೇಕಾಗಿದ್ದ ಪಾಠ ಅದು. ಸರಿ, ಇದಕ್ಕೇನು ಮಾಡೋಣ?

ಶಿಷ್ಯ: ರಿಕವರಿ ಮಷೀನ್ ದೊಡ್ಡ ಊರುಗಳಲ್ಲಿ ಇರ್ತದೆ, ನನ್ನ ಹತ್ರ ಇಲ್ಲ. ಆದ್ರೆ ಒಂದು ಉಪಾಯ ಐತೆ. ಸಣ್ಣ ಸಿಲಿಂಡರ್ ತಂದೀನಿ, ವ್ಯಾಕ್ಯೂಮ್ ಮಾಡಿಟ್ಟಿದ್ದು. ಅದನ್ನ ಐಸ್ ಬಕೆಟ್ಟಲ್ಲಿ ಇಡೋದು. ಈ ಪೈಪಿಗೆ ಪಿಯರ್ಸಿಂಗ್ ವಾಲ್ವ್ ಹಾಕಿ ಹೋಸ್ ಕೊಡೋದು. ತಣ್ಣಗಿದ್ದ ಕಡೆಗೆ ಗ್ಯಾಸ್ ತಾನೇ ಹೋಗಿ ನೀರಾಗ್ತದೆ. ಎಣ್ಣೇಲಿ ಸ್ವಲ್ಪ ಸಿಕ್ಕೊಂಡಿರ್ತದೆ, ಅದಕ್ಕೆ ಕಂಪ್ರೆಸರಿನ ಮೇಲೆ ಬಿಸಿನೀರಿನ ಬಟ್ಟೆ ಹಾಕಬೇಕು. ಅಮ್ಮಾವ್ರಿಗೆ ಒಂದು ಚೊಂಬು ಬಿಸಿನೀರು ಕೇಳಿ.

(ಐಸು ಬಂತು, ಬಿಸಿನೀರು ಬಂತು. ವಾಲ್ವ್ ಬಿಗಿದು ಜಾಯಿಂಟಿಗೆ ನೊರೆ ಹಚ್ಚಿ, ಗುಳ್ಳೆ ಏಳುತ್ತದೇನೋ ಎಂದು ಇಬ್ಬರೂ ಬಗ್ಗಿ ನೋಡಿದರು. ಏಳಲಿಲ್ಲ. ಗೇಜಿನ ಮುಳ್ಳು ಮೆಲ್ಲಗೆ ಇಳಿಯಿತು. ಮುಕ್ಕಾಲು ಗಂಟೆ ಹಿಡಿಯಿತು.)

ಮೇಷ್ಟ್ರು: ಈ ಗ್ಯಾಸನ್ನು ಮುಂದೇನು ಮಾಡ್ತೀಯ?

ಶಿಷ್ಯ: ಇನ್ನೊಂದು ಹಳೇ ಫ್ರಿಜ್ಜಿಗೆ ಹಾಕಬಹುದು. ನನಗೆ ಮನಸ್ಸಿಲ್ಲ, ಅದೂ ಒಂದಿನ ಗುಜರಿಗೇ ಹೋಗ್ತದೆ. ಸದ್ಯಕ್ಕೆ ಅಂಗಡೀಲಿ ಇಟ್ಟಿರ್ತೀನಿ. ಬೆಂಗಳೂರಲ್ಲಿ ತಗೊಂಡು ಸರಿಯಾಗಿ ನಾಶ ಮಾಡೋರು ಯಾರಿದ್ದಾರೆ ಅಂತ ವಿಚಾರಿಸ್ತಾ ಇದೀನಿ. ಹಳೇ ಸಾಮಾನು ವಾಪಸ್ ತಗೊಳ್ಳೋ ಜವಾಬ್ದಾರಿ ತಯಾರು ಮಾಡಿದ ಕಂಪನಿಯದ್ದೇ ಅಂತ ರೂಲ್ಸ್ ಆಗೈತೆ ಅಂತಾರೆ. ಪೆನುಕೊಂಡಕ್ಕೆ ಆ ಗಾಡಿ ಇನ್ನೂ ಬಂದಿಲ್ಲ.

ಮೇಷ್ಟ್ರು: ಫೋಮಿನದು?

ಶಿಷ್ಯ: ಅದಕ್ಕೆ ನನ್ನ ಕೈಲಿ ಏನೂ ಆಗಲ್ಲ ಸಾರ್. ಒಡೀದೇ ಇರೋದೊಂದೇ ದಾರಿ.

ಮೇಷ್ಟ್ರು: ಹಾಗಾದರೆ ಇದು ಇಲ್ಲೇ ಇರಲಿ. ಹಿತ್ತಲ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಇಲಿ ಕಾಟಕ್ಕೆ ಕಡಲೆಬೀಜ ಇಡೋ ಪೆಟ್ಟಿಗೆ ಮಾಡ್ಕೋತೀನಿ. ಗುಜರಿಯವನಿಗೆ ಕಂಪ್ರೆಸರ್ ಒಂದು ಬಿಚ್ಚಿ ಕೊಡು, ಅದರ ದುಡ್ಡು ಅವನು ಕೊಡಲಿ. ಎಷ್ಟು ಸಿಕ್ತು ಗ್ಯಾಸು, ತೂಕ ಹಾಕು ನೋಡೋಣ.

ಶಿಷ್ಯ: ಸಿಲಿಂಡರಿನ ತೂಕ ಕಳೆದ್ರೆ 85 ಗ್ರಾಂ.

ಮೇಷ್ಟ್ರು: ಫ್ಯಾಕ್ಟರಿಯಲ್ಲಿ ಎಷ್ಟು ತುಂಬಿದ್ದರು?

ಶಿಷ್ಯ: ಹಿಂದೆ ತಗಡಿನ ಮೇಲೆ ಬರೆದೈತೆ, ನೋಡಿ. 110.

ಮೇಷ್ಟ್ರು: ಉಳಿದ 25?

ಶಿಷ್ಯ: ಸ್ವಲ್ಪ ಎಣ್ಣೆಯಲ್ಲೇ ಐತೆ. ಅದನ್ನ ಕಾಯಿಸಿ ಇನ್ನೊಂದು ಸಲ ಎಳೆದು ನೋಡ್ತೀನಿ. ನೀರು ಆರಿಹೋಯ್ತು, ಇನ್ನೊಂದು ಚೊಂಬು ಕಾಯ್ಸೋಕೆ ಹೇಳಿ ಸಾರ್.